ಲಿಯೊನಾರ್ಡೊ ಕಂಡ ಮುಖಗಳು

ಸುಂದರವಾದ ಮುಖವನ್ನು ಕಂಡಾಗ ಮನುಷ್ಯನ ಕಣ್ಣು ತಾನಾಗಿಯೇ ಅಲ್ಲಿ ನಿಲ್ಲುತ್ತದೆ. ವಿಕಾರವಾದ ಮುಖವನ್ನು ಕಂಡಾಗ ಅದು ಮರುಕ್ಷಣವೇ ಬೇರೆಡೆಗೆ ಹೊರಳುತ್ತದೆ. ಕೆಲವರು ನಗುತ್ತಾರೆ; ಕೆಲವರು ಮುಖ ಸಿಂಡರಿಸುತ್ತಾರೆ; ಮರುಕವುಳ್ಳವರು ನಿಟ್ಟುಸಿರಿಟ್ಟು ಮುಂದೆ ನಡೆಯುತ್ತಾರೆ. ಸುಮಾರು ಐದು ನೂರು ವರ್ಷಗಳ ಹಿಂದೆ ಇಟಲಿಯಲ್ಲಿ ಬಾಳಿದ ಒಬ್ಬ ಚಿತ್ರಕಾರನು ಮಾತ್ರ ಹಾಗೆ ಮುಂದೆ ನಡೆಯಲಿಲ್ಲ. ಬೀದಿಯಲ್ಲಿ ವಿಲಕ್ಷಣವಾದ ಮುಖವೊಂದು ಕಣ್ಣಿಗೆ ಬಿದ್ದರೆ ಅವನು ಆ ಮನುಷ್ಯನನ್ನು ಇಡೀ ದಿನ ಹಿಂಬಾಲಿಸುತ್ತಿದ್ದನಂತೆ. ಮೂಗಿನ ಡೊಂಕು, ಗದ್ದದ ಚಾಚು, ತುಟಿಯ ಜೋಲು, ಹುಬ್ಬಿನ ಗಂಟು ಎಲ್ಲವನ್ನೂ ಮನಸ್ಸಿನಲ್ಲಿ ತುಂಬಿಕೊಂಡು ಮನೆಗೆ ಮರಳಿ, ಆ ಮನುಷ್ಯನು ಎದುರಿಗೇ ಕುಳಿತಿರುವನೋ ಎಂಬಂತೆ ಕಾಗದದ ಮೇಲೆ ಮೂಡಿಸುತ್ತಿದ್ದನಂತೆ. ಅವನೇ ಲಿಯೊನಾರ್ಡೊ ಡ ವಿಂಚಿ. ಮೋನಾ ಲಿಸಾಳ ಮುಗುಳ್ನಗೆಯನ್ನು ಚಿತ್ರಿಸಿದವನೆಂದು ಅವನನ್ನು ಲೋಕವೆಲ್ಲ ಬಲ್ಲದು. ಅದೇ ಕೈ ಬೊಚ್ಚುಬಾಯಿಯ ಮುದುಕರನ್ನೂ, ಕತ್ತು ಊದಿದ ಮುದುಕಿಯರನ್ನೂ, ಹಲ್ಲು ಕಿರಿದು ಅರಚುವವರನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಿತೆಂಬುದು ಎಲ್ಲರಿಗೂ ತಿಳಿದಿಲ್ಲ.

ಲಿಯೊನಾರ್ಡೊ 1452ನೆಯ ಇಸವಿಯ ಏಪ್ರಿಲ್ 15ರಂದು ಫ್ಲಾರೆನ್ಸ್ ಸೀಮೆಗೆ ಸೇರಿದ ವಿಂಚಿ ಎಂಬ ಬೆಟ್ಟದ ಊರಿನ ಆಸುಪಾಸಿನಲ್ಲಿ ಹುಟ್ಟಿದನು. ಅವನ ತಂದೆ ಸೇರ್ ಪಿಯೆರೊ ಕರಾರುಪತ್ರಗಳನ್ನು ಬರೆದು ದೃಢೀಕರಿಸುವ ನೋಟರಿಯಾಗಿದ್ದನು. ತಾಯಿ ಕತೆರೀನಾ. ಇವರಿಬ್ಬರೂ ಒಬ್ಬರನ್ನೊಬ್ಬರು ಮದುವೆಯಾದವರಲ್ಲ. ಮಗು ಹುಟ್ಟಿದ ಮೇಲೆ ತಂದೆ ಬೇರೊಬ್ಬಳನ್ನು ವರಿಸಿದನು. ತಾಯಿಯನ್ನು ಬೇರೊಬ್ಬನಿಗೆ ಕೊಟ್ಟು ಮದುವೆ ಮಾಡಲಾಯಿತು. ಮೊಮ್ಮಗ ಹುಟ್ಟಿದ ದಿನವನ್ನು ಮನೆತನದ ಪುಸ್ತಕದಲ್ಲಿ ಬರೆದಿಟ್ಟವನು ಅಜ್ಜ ಅಂತೋನಿಯೊ. ಆ ಅಜ್ಜನ ಮನೆಯಲ್ಲಿಯೇ ಬಾಲಕನು ಬೆಳೆದನು. ವಿವಾಹದ ಹೊರಗೆ ಹುಟ್ಟಿದವನಾದುದರಿಂದ ಕುಲವೃತ್ತಿಯಾದ ನೋಟರಿಯ ಕೆಲಸ ಅವನಿಗೆ ದೊರೆಯುವಂತಿರಲಿಲ್ಲ. ಆ ಕಾಲದ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಭಾಷೆಯನ್ನೂ ಅವನು ಕ್ರಮವಾಗಿ ಕಲಿಯಲಿಲ್ಲ. ಪುಸ್ತಕಗಳ ಬಾಗಿಲು ಅರೆಮುಚ್ಚಿದ್ದಾಗ ಅವನು ಕಣ್ಣುಗಳನ್ನೇ ನಂಬಿದನು. ಗುಡ್ಡದ ಮೇಲಿನ ಹಕ್ಕಿ, ಹೊಳೆಯ ಸುಳಿ, ಬಂಡೆಯ ಪದರ, ಗಿಡದ ಎಲೆ ಇವೇ ಅವನ ಮೊದಲ ಪಾಠಗಳಾದವು. ಎಡಗೈಯಿಂದ ಬರೆಯುತ್ತಿದ್ದ ಅವನು ತನ್ನ ಟಿಪ್ಪಣಿಗಳನ್ನು ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಹಿಡಿದರೆ ಮಾತ್ರ ಸುಲಭವಾಗಿ ಓದಲು ಬರುವಂತೆ ಬರೆಯುತ್ತಿದ್ದನು.

ವಿಕಾರ ರೂಪಗಳ ಮೇಲಿನ ಅವನ ಕುತೂಹಲ ಎಳೆಯ ವಯಸ್ಸಿನಲ್ಲಿಯೇ ಕಾಣಿಸಿಕೊಂಡಿತೆಂದು ಹೇಳುವ ಒಂದು ಕಥೆಯುಂಟು. ಚಿತ್ರಕಾರರ ಜೀವನಗಳನ್ನು ಸಂಗ್ರಹಿಸಿ 1550ರಲ್ಲಿ ಪ್ರಕಟಿಸಿದ ವಸಾರಿ ಎಂಬವನು ಅದನ್ನು ಬರೆದಿಟ್ಟಿದ್ದಾನೆ. ಸೇರ್ ಪಿಯೆರೊವಿಗೆ ಪರಿಚಿತನಾದ ರೈತನೊಬ್ಬನು ಅಂಜೂರದ ಮರದಿಂದ ಗುರಾಣಿಯೊಂದನ್ನು ಮಾಡಿ, ಅದರ ಮೇಲೆ ಚಿತ್ರ ಬರೆಯಿಸಿಕೊಡಬೇಕೆಂದು ಬೇಡಿಕೊಂಡನಂತೆ. ತಂದೆ ಅದನ್ನು ಮಗನ ಕೈಗಿತ್ತನು. ಲಿಯೊನಾರ್ಡೊ ಹಲ್ಲಿ, ಹಾವು, ಮಿಡತೆ, ಚಿಟ್ಟೆ, ಬಾವಲಿಗಳನ್ನು ತಂದು ಕೋಣೆಯಲ್ಲಿ ಕೂಡಿಹಾಕಿ, ಒಂದರ ಕಣ್ಣು, ಇನ್ನೊಂದರ ರೆಕ್ಕೆ, ಮತ್ತೊಂದರ ಬಾಯಿ ಹೀಗೆ ಜೋಡಿಸಿ ಬೆಂಕಿ ಕಾರುವ ಘೋರ ಪ್ರಾಣಿಯೊಂದನ್ನು ಬರೆದನು. ಸತ್ತ ಜಂತುಗಳ ದುರ್ವಾಸನೆಯೂ ಅವನ ಅರಿವಿಗೆ ಬರಲಿಲ್ಲವಂತೆ. ಕೋಣೆಯ ಬೆಳಕನ್ನು ಮಂದಗೊಳಿಸಿ ತಂದೆಯನ್ನು ಒಳಗೆ ಕರೆದಾಗ, ತಂದೆ ಬೆಚ್ಚಿ ಹಿಂದೆ ಸರಿದನು. ಆಮೇಲೆ ಆ ವ್ಯವಹಾರಚತುರನು ಅಂಗಡಿಯಿಂದ ಬೇರೊಂದು ಸಾಮಾನ್ಯ ಗುರಾಣಿಯನ್ನು ಕೊಂಡು ರೈತನಿಗೆ ಕೊಟ್ಟು, ಮಗನ ಗುರಾಣಿಯನ್ನು ಗುಟ್ಟಾಗಿ ನೂರು ಡುಕಾಟ್ ಹೊನ್ನಿಗೆ ಮಾರಿದನೆಂದು ವಸಾರಿ ಹೇಳುತ್ತಾನೆ. ಆ ಗುರಾಣಿ ಈಗ ಉಳಿದಿಲ್ಲ. ಕಥೆ ಎಷ್ಟರಮಟ್ಟಿಗೆ ನಿಜವೋ, ಅದರಲ್ಲಿ ಲಿಯೊನಾರ್ಡೊವಿನ ಕ್ರಮವೊಂದು ಸ್ಪಷ್ಟವಾಗಿದೆ. ಘೋರವಾದುದನ್ನು ಸಹ ಅವನು ಬರಿಯ ಕಲ್ಪನೆಯಿಂದ ಹೆಣೆಯಲಿಲ್ಲ. ಪ್ರಕೃತಿಯಲ್ಲಿ ಇರುವುದನ್ನು ನೋಡಿ, ಅದರಿಂದಲೇ ಕಟ್ಟಿದನು.

ತಂದೆ ಮಗನನ್ನು ಫ್ಲಾರೆನ್ಸಿನ ಪ್ರಸಿದ್ಧ ಶಿಲ್ಪಿಯೂ ಚಿತ್ರಕಾರನೂ ಆದ ವೆರೋಕ್ಕಿಯೊವಿನ ಕಾರ್ಯಾಗಾರದಲ್ಲಿ ಶಿಷ್ಯವೃತ್ತಿಗೆ ಸೇರಿಸಿದನು. ಬಣ್ಣ ಅರೆಯುವುದರಿಂದ ಹಿಡಿದು ಕಂಚು ಎರೆಯುವವರೆಗಿನ ಕೆಲಸಗಳು ಅಲ್ಲಿ ನಡೆಯುತ್ತಿದ್ದವು. 1472ರ ವೇಳೆಗೆ ಲಿಯೊನಾರ್ಡೊವಿನ ಹೆಸರು ಆ ನಗರದ ಚಿತ್ರಕಾರರ ಸಂಘದ ದಾಖಲೆಯಲ್ಲಿ ಸೇರಿತ್ತು. ಆ ಕಾಲದ ಫ್ಲಾರೆನ್ಸ್ ಕಲೆಗೆ ತವರಾದಂತೆ ಕಲಹಕ್ಕೂ ನೆಲೆಯಾಗಿತ್ತು. ನಗರವನ್ನು ಆಳುತ್ತಿದ್ದ ಮೆದಿಚಿ ಮನೆತನದ ತರುಣನೊಬ್ಬನನ್ನು 1478ರಲ್ಲಿ ದೇವಾಲಯದೊಳಗೇ ಕೊಂದ ಸಂಚುಗಾರರಲ್ಲಿ ಬೆರ್ನಾರ್ಡೊ ಬರೊನ್ಚೆಲ್ಲಿ ಎಂಬವನೊಬ್ಬನು. ಅವನು ಕಾನ್‌ಸ್ಟಾಂಟಿನೋಪಲ್‌ವರೆಗೆ ಓಡಿಹೋದರೂ ಸಿಕ್ಕಿಬಿದ್ದು, 1479ರ ಡಿಸೆಂಬರ್ ಕೊನೆಯಲ್ಲಿ ಗಲ್ಲಿಗೇರಿದನು. ನೇತಾಡುತ್ತಿದ್ದ ಆ ಶವವನ್ನು ಲಿಯೊನಾರ್ಡೊ ಅಲ್ಲಿಯೇ ನಿಂತು ಚಿತ್ರಿಸಿದನು. ಟೋಪಿಯ ಬಣ್ಣ, ಅಂಗಿಯ ಬಣ್ಣ, ಒಳಪದರದ ಬಣ್ಣ, ಕಾಲುಚೀಲದ ಬಣ್ಣಗಳನ್ನು ಪಕ್ಕದಲ್ಲಿ ಒಂದೊಂದಾಗಿ ಗುರುತು ಮಾಡಿದನು. ಕುಗ್ಗಿದ ತಲೆಯನ್ನು ಹಾಳೆಯ ಮೂಲೆಯಲ್ಲಿ ಮತ್ತೊಮ್ಮೆ ಬರೆದನು. ಆ ಹಾಳೆಯಲ್ಲಿ ಕೋಪವೂ ಇಲ್ಲ, ಕನಿಕರದ ಮಾತೂ ಇಲ್ಲ. ಇತರರು ಹೆದರಿಯೋ ಹಿಗ್ಗಿಯೋ ನೋಡಿದುದನ್ನು ಅವನು ತಿಳಿಯುವುದಕ್ಕಾಗಿ ನೋಡಿದನು.

1482ರ ಸುಮಾರಿಗೆ ಅವನು ಮಿಲಾನ್ ನಗರಕ್ಕೆ ಬಂದು, ಅಲ್ಲಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನ ಆಶ್ರಯದಲ್ಲಿ ಹದಿನೇಳು ವರ್ಷಗಳ ಕಾಲ ಕಳೆದನು. ಮುಖದ ರಹಸ್ಯವನ್ನು ಹುಡುಕುವ ಕೆಲಸ ಇಲ್ಲಿ ಎರಡು ಕಡೆಯಿಂದ ಆರಂಭವಾಯಿತು. ಒಂದು, ಒಳಗಿನಿಂದ. 1489ರಲ್ಲಿ ಅವನು ಮನುಷ್ಯನ ತಲೆಬುರುಡೆಯೊಂದನ್ನು ದೊರಕಿಸಿ, ಗರಗಸದಿಂದ ಸೀಳಿ, ಒಳಭಾಗವನ್ನು ಅತಿ ಸೂಕ್ಷ್ಮವಾಗಿ ಚಿತ್ರಿಸಿದನು. ಕೆನ್ನೆಯ ಮೂಳೆಯ ಹಿಂದಿರುವ ಗುಳಿಯನ್ನು ಸಹ ಆ ಚಿತ್ರಗಳು ಸ್ಪಷ್ಟವಾಗಿ ತೋರಿಸುತ್ತವೆ. ಇನ್ನೊಂದು, ಹೊರಗಿನಿಂದ. ಕೂದಲಂಚಿನಿಂದ ಹುಬ್ಬಿನವರೆಗೆ, ಹುಬ್ಬಿನಿಂದ ಮೂಗಿನ ಬುಡದವರೆಗೆ, ಅಲ್ಲಿಂದ ಗದ್ದದ ತುದಿಯವರೆಗೆ ಮುಖವು ಮೂರು ಸಮಭಾಗಗಳಾಗಿರಬೇಕೆಂದು ಪ್ರಾಚೀನ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳಿದ್ದನು. ಲಿಯೊನಾರ್ಡೊ ಆ ಅಳತೆಗಳನ್ನು ಜೀವಂತ ಮನುಷ್ಯರ ಮೇಲೆ ಪರೀಕ್ಷಿಸಿದನು. ಹಾಗೆ ಅಳೆಯುತ್ತ ಹೋದವನಿಗೆ ಒಂದು ಸಂಗತಿ ಹೊಳೆಯದೆ ಇರಲಾರದು. ಬೀದಿಯಲ್ಲಿ ನಡೆದಾಡುವ ಮುಖಗಳಲ್ಲಿ ಈ ಅಳತೆಗೆ ಪೂರ್ತಿಯಾಗಿ ಒಪ್ಪುವಂಥವು ಬಹು ವಿರಳ. ಪ್ರಕೃತಿಯು ನಿಯಮವನ್ನು ಒಂದೇ ಬಗೆಯಲ್ಲಿ ಪಾಲಿಸಿ, ಸಾವಿರ ಬಗೆಯಲ್ಲಿ ಮೀರುತ್ತದೆ.

ಆ ಸಾವಿರ ಬಗೆಗಳನ್ನು ಹಿಡಿಯಲು ಅವನು ಒಂದು ಅಭ್ಯಾಸಕ್ರಮವನ್ನೇ ರೂಪಿಸಿಕೊಂಡನು. ಚಿತ್ರಕಾರನಾಗುವವನು ಬಣ್ಣ ಲೇಪಿಸಿದ ಹಾಳೆಗಳ ಚಿಕ್ಕ ಪುಸ್ತಕವೊಂದನ್ನು ಯಾವಾಗಲೂ ಜೊತೆಗೆ ಇಟ್ಟುಕೊಂಡಿರಬೇಕೆಂದು ಅವನು ಬೋಧಿಸಿದನು. ಅಂಥ ಹಾಳೆಯ ಮೇಲೆ ಬೆಳ್ಳಿಯ ಮೊನೆಯಿಂದ ಎಳೆದ ಗೆರೆಯನ್ನು ಅಳಿಸಲು ಬರುವುದಿಲ್ಲ. ಕಂಡುದನ್ನು ಕಂಡಂತೆ ಒಮ್ಮೆಗೇ ಬರೆಯಬೇಕು. ಪುಸ್ತಕ ತುಂಬಿದ ಮೇಲೆ ಅದನ್ನು ಜೋಪಾನವಾಗಿಟ್ಟು ಹೊಸದನ್ನು ತೆಗೆದುಕೊಳ್ಳಬೇಕು. ಒಮ್ಮೆ ಕಂಡ ಮುಖವನ್ನು ಮರೆಯದಿರುವುದಕ್ಕೆ ಅವನು ಹೇಳಿದ ಉಪಾಯವೂ ಸ್ವಾರಸ್ಯವಾಗಿದೆ. ಪಕ್ಕದಿಂದ ನೋಡಿದಾಗ ಮೂಗುಗಳಲ್ಲಿ ಹತ್ತು ಜಾತಿಗಳಿವೆಯೆಂದು ಅವನು ಎಣಿಸಿದನು. ನೇರವಾದುದು, ಉಂಡೆಯಾದುದು, ತಗ್ಗಾದುದು, ಗಿಡುಗನ ಕೊಕ್ಕಿನಂತೆ ಬಾಗಿದುದು, ಚಪ್ಪಟೆಯಾದುದು, ಮೊನಚಾದುದು ಎಂಬಿವು ಅವುಗಳಲ್ಲಿ ಕೆಲವು. ಬಾಯಿ, ಗದ್ದ, ಹಣೆಗಳಿಗೂ ಇಂಥ ವರ್ಗಗಳನ್ನು ಮಾಡಿಕೊಂಡರೆ, ಜನರ ನಡುವೆ ನಿಂತು ಒಂದೊಂದು ಅಂಗವನ್ನೂ ಗುರುತಿಟ್ಟುಕೊಂಡು, ಮನೆಯಲ್ಲಿ ಕುಳಿತು ಜೋಡಿಸಬಹುದು. ಈ ಪಟ್ಟಿಯಲ್ಲಿ ವಿಕಾರ ಮುಖಗಳನ್ನು ಮಾತ್ರ ಅವನು ಬೇಕೆಂದೇ ಬಿಟ್ಟನು. ಅವು ಪ್ರಯಾಸವಿಲ್ಲದೆ ನೆನಪಿನಲ್ಲಿ ಉಳಿಯುತ್ತವೆ ಎಂಬುದು ಅವನು ಕೊಟ್ಟ ಕಾರಣ.

ಹೀಗೆ ಮೂಡಿದ ವಿಕಾರ ಮುಖಗಳು ಬಹುಪಾಲು ಚಿಕ್ಕ ಚಿತ್ರಗಳು; ಎಷ್ಟೋ ಚಿತ್ರಗಳು ಬೆರಳುದ್ದಕ್ಕಿಂತ ದೊಡ್ಡವಲ್ಲ. ಲೇಖನಿ ಮತ್ತು ಕಂದು ಶಾಯಿಯಿಂದ ಬರೆದ ಇವುಗಳಲ್ಲಿ ಒಬ್ಬನ ಕೆಳತುಟಿ ಹೊರಚಾಚಿ ಮೂಗಿನ ತುದಿಯನ್ನು ಮುಟ್ಟುವಂತಿದೆ. ಇನ್ನೊಬ್ಬಳ ಮೇಲ್ದುಟಿ ಕಪಿಯ ತುಟಿಯಂತೆ ಉದ್ದವಾಗಿದೆ. ಮತ್ತೊಬ್ಬನ ಗದ್ದವೇ ಕತ್ತಿನೊಳಗೆ ಮಾಯವಾಗಿದೆ. ಒಂದು ಮುಖವಂತೂ ಅವನ ಲೇಖನಿಯನ್ನು ಜೀವಮಾನವಿಡೀ ಬಿಡಲಿಲ್ಲ. ಅದು ಹಲ್ಲೆಲ್ಲ ಉದುರಿ, ಮೂಗೂ ಗದ್ದವೂ ಒಂದನ್ನೊಂದು ಸಮೀಪಿಸಿ, ಅಡಕೊತ್ತಿನ ಎರಡು ಅಲಗುಗಳಂತೆ ಕಾಣುವ ಮುದುಕನ ಪಾರ್ಶ್ವಮುಖ. ಈ ಮುದುಕನ ಎದುರಿಗೆ ಗುಂಗುರು ಕೂದಲಿನ ಸುಂದರ ತರುಣನೊಬ್ಬನನ್ನು ಬರೆಯುವುದು ಅವನಿಗೆ ಪ್ರಿಯವಾಗಿತ್ತು. ಕೆಂಪು ಸೀಮೆಸುಣ್ಣದಿಂದ ಬರೆದ ಅಂಥ ಒಂದು ಜೋಡಿಯು ಫ್ಲಾರೆನ್ಸಿನ ಉಫೀಜಿ ಸಂಗ್ರಹದಲ್ಲಿದೆ. ಚೆಲುವಿನ ಪಕ್ಕದಲ್ಲಿ ಕುರೂಪವನ್ನಿಟ್ಟರೆ ಎರಡೂ ಹೆಚ್ಚು ಎದ್ದು ಕಾಣುತ್ತವೆ ಎಂಬುದು ಅವನ ಬೋಧನೆಯಾಗಿತ್ತು. ಭಾರತದ ಆಲಂಕಾರಿಕರು ಶೃಂಗಾರದೊಡನೆ ಬೀಭತ್ಸಕ್ಕೂ ರಸಗಳ ಸಾಲಿನಲ್ಲಿ ಸ್ಥಾನ ಕೊಟ್ಟುದನ್ನು ಬಲ್ಲವರಿಗೆ ಈ ಮಾತು ಅಪರಿಚಿತವೆನಿಸದು.

ಈ ಚಿತ್ರಗಳನ್ನು ಕಂಡು ಜನರು ನಕ್ಕದ್ದುಂಟು, ಲಿಯೊನಾರ್ಡೊವೂ ನಕ್ಕದ್ದುಂಟು. ಮಿಲಾನಿನ ಚಿತ್ರಕಾರ ಲೊಮಾತ್ಸೊ 1584ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾನೆ. ಲಿಯೊನಾರ್ಡೊ ಒಮ್ಮೆ ಕೆಲವು ಹಳ್ಳಿಗರನ್ನು ಆರಿಸಿ ಊಟಕ್ಕೆ ಕರೆದನಂತೆ. ಅವರ ಹತ್ತಿರ ಕುಳಿತು ಹುಚ್ಚುಹುಚ್ಚಾದ ಕಥೆಗಳನ್ನು ಹೇಳಿ, ಅವರು ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದನಂತೆ. ಅವರು ನಗುತ್ತಿದ್ದಾಗ ಇವನು ಅವರ ಚಲನವಲನಗಳನ್ನು ಗಮನಿಸುತ್ತಿದ್ದನು. ಅವರು ಹೋದ ಮೇಲೆ ಕೋಣೆಯೊಳಗೆ ಸೇರಿ, ನಗುವ ಆ ಮುಖಗಳನ್ನೆಲ್ಲ ಬರೆದನು. ಕಥೆ ಕೇಳಿ ಹಳ್ಳಿಗರು ನಕ್ಕಂತೆಯೇ ಚಿತ್ರ ನೋಡಿದವರೂ ನಕ್ಕರಂತೆ. ಉಂಡು ತೃಪ್ತರಾಗಿ ಮನೆಗೆ ತೆರಳಿದ ಆ ಹಳ್ಳಿಗರಿಗೆ ತಮ್ಮ ಮುಖಗಳು ಇತರರ ವಿನೋದಕ್ಕೆ ಒದಗಿದ ಸಂಗತಿ ತಿಳಿದಿರಲಾರದು. ಅವರ ಹೆಸರುಗಳನ್ನೂ ಯಾರೂ ಬರೆದಿಡಲಿಲ್ಲ. ಮಹಾಪುರುಷರ ಜೀವನದಲ್ಲಿ ಇಂಥ ಎಡೆಗಳನ್ನು ಮರೆಮಾಚಬೇಕಾಗಿಲ್ಲ. ಪೇಟೆಯಲ್ಲಿ ಪಂಜರದ ಹಕ್ಕಿಗಳನ್ನು ಕಂಡರೆ ಕೇಳಿದಷ್ಟು ಬೆಲೆ ತೆತ್ತು ಕೊಂಡು ಹಾರಿಬಿಡುತ್ತಿದ್ದನೆಂದು ವಸಾರಿ ಹೇಳುವ ಲಿಯೊನಾರ್ಡೊವೇ ಈ ಲಿಯೊನಾರ್ಡೊ. ಅವನಲ್ಲಿ ಮರುಕವೂ ಇತ್ತು. ಮರುಕವನ್ನು ಮೀರಿ ನಡೆಯುವ ಕುತೂಹಲವೂ ಇತ್ತು.

ಆದರೆ ಒಂದು ವಿಷಯದಲ್ಲಿ ಅವನು ತನ್ನ ಕಾಲದ ನಂಬಿಕೆಗೆ ಪೂರ್ತಿಯಾಗಿ ತಲೆಬಾಗಲಿಲ್ಲ. ಮುಖದ ಆಕಾರವನ್ನು ನೋಡಿ ಗುಣವನ್ನು ಹೇಳುವ ಸಾಮುದ್ರಿಕ ಶಾಸ್ತ್ರವನ್ನು ಆ ಯುಗದ ಪಂಡಿತರು ದೃಢವಾಗಿ ನಂಬಿದ್ದರು. ಸಿಂಹದ ಮುಖದವನು ಶೂರ, ನರಿಯ ಮುಖದವನು ಕಪಟಿ ಎಂಬಂಥ ತೀರ್ಮಾನಗಳು ಆಗ ವಿದ್ಯೆಯೆನಿಸಿದ್ದವು. ಅಂಥ ನಂಬಿಕೆಯಲ್ಲಿ ಕುರೂಪಿಯಾದವನು ತಾನು ಮಾಡದ ತಪ್ಪಿಗೆ ಅಪರಾಧಿಯಾಗುತ್ತಾನೆ. ಮುಖಲಕ್ಷಣ ಮತ್ತು ಹಸ್ತರೇಖೆಗಳ ಶಾಸ್ತ್ರದಲ್ಲಿ ಸತ್ಯವಿಲ್ಲವೆಂದು ಲಿಯೊನಾರ್ಡೊ ಸ್ಪಷ್ಟವಾಗಿ ಬರೆದನು. ಒಂದೇ ಗಳಿಗೆಯಲ್ಲಿ ಯುದ್ಧದಲ್ಲಿ ಮಡಿದವರ, ಹಡಗು ಒಡೆದು ಮುಳುಗಿದವರ ಅಂಗೈಗಳಲ್ಲಿ ಒಬ್ಬೊಬ್ಬರ ರೇಖೆ ಒಂದೊಂದು ಬಗೆಯಾಗಿರುತ್ತದೆಂಬುದನ್ನು ನಿದರ್ಶನವಾಗಿ ಕೊಟ್ಟನು. ಮುಖದಲ್ಲಿ ಏನಾದರೂ ಓದಬಹುದಾದರೆ, ಪದೇ ಪದೇ ಬರುವ ಭಾವವು ಚರ್ಮದ ಮೇಲೆ ಕೊರೆದ ಗೆರೆಗಳನ್ನು ಮಾತ್ರ ಓದಬಹುದು. ಸದಾ ನಗುವವನ ಕೆನ್ನೆಯಲ್ಲಿ ನಗೆಯ ಗೆರೆಗಳು, ಸದಾ ಸಿಡುಕುವವನ ಹುಬ್ಬುಗಳ ನಡುವೆ ಸಿಡುಕಿನ ಗೆರೆಗಳು ಉಳಿಯುತ್ತವೆ. ಆ ಗೆರೆಗಳು ಬದುಕಿನ ಬರವಣಿಗೆ, ಹುಟ್ಟಿನ ಹಣೆಬರಹವಲ್ಲ.

1493ರ ಸುಮಾರಿಗೆ ಅವನು ಬರೆದ ಐದು ತಲೆಗಳ ಚಿತ್ರ ಈ ಬಗೆಯ ರಚನೆಗಳಲ್ಲೆಲ್ಲ ಪ್ರಸಿದ್ಧವಾದುದು. ನಡುವೆ ಓಕ್ ಎಲೆಗಳ ಮಾಲೆಯನ್ನು ತಲೆಗೆ ಸುತ್ತಿಕೊಂಡ ಮುದುಕನೊಬ್ಬನಿದ್ದಾನೆ. ರೋಮಿನ ಚಕ್ರವರ್ತಿಯಂತೆ ಅಲಂಕೃತನಾಗಿದ್ದರೂ ಅವನ ಬಾಯಿ ಬೊಚ್ಚು, ಕೆನ್ನೆ ಜೋಲು. ಅವನನ್ನು ನಾಲ್ವರು ಒತ್ತಿಕೊಂಡು ಸುತ್ತುವರಿದಿದ್ದಾರೆ. ಒಬ್ಬನು ಬಾಯಿ ಪೂರ್ತಿ ತೆರೆದು ಅಟ್ಟಹಾಸ ಮಾಡುತ್ತಾನೆ; ಉಳಿದವರ ಮುಖಗಳಲ್ಲಿ ಕುಟಿಲವೋ ಜಡತೆಯೋ ಹೆಪ್ಪುಗಟ್ಟಿದೆ. ಕೈ ನೋಡಿ ಕಣಿ ಹೇಳುವ ನೆಪದಲ್ಲಿ ಮುದುಕನ ಹಣದ ಚೀಲವನ್ನು ಕದಿಯುವ ದೃಶ್ಯವಿದೆಂದು ಇತ್ತೀಚಿನ ವಿದ್ವಾಂಸರಲ್ಲಿ ಕೆಲವರು ಅಭಿಪ್ರಾಯಪಟ್ಟಿದ್ದಾರೆ. ಬೇರೆ ಅರ್ಥಗಳನ್ನು ಹೇಳಿದವರೂ ಇದ್ದಾರೆ. ಅರ್ಥವೇನೇ ಇರಲಿ, ಚಿತ್ರವನ್ನು ನೋಡುತ್ತ ನೋಡುತ್ತ ಮೊದಲು ಬಂದ ನಗು ನಿಂತುಹೋಗುತ್ತದೆ. ಐವರಲ್ಲಿ ಗಾಂಭೀರ್ಯವನ್ನು ಉಳಿಸಿಕೊಂಡವನು ನಡುವಿನ ಮುದುಕನೊಬ್ಬನೇ. ವಿಕಾರವು ಅವನ ಹಲ್ಲಿಲ್ಲದ ಬಾಯಿಯಲ್ಲಿ ಇದೆಯೋ, ಅವನನ್ನು ಸುತ್ತುವರಿದವರ ನಡತೆಯಲ್ಲಿ ಇದೆಯೋ ಎಂಬ ಪ್ರಶ್ನೆ ನೋಡುವವನ ಮನಸ್ಸಿನಲ್ಲಿ ಏಳುತ್ತದೆ.

ಇದೇ ಕಾಲದ ಒಂದು ಚಿಕ್ಕ ಟಿಪ್ಪಣಿ ಪುಸ್ತಕದಲ್ಲಿ ಲಿಯೊನಾರ್ಡೊ ಒಬ್ಬ ಹೆಂಗಸಿನ ಹೆಸರನ್ನು ಬರೆದುಕೊಂಡಿದ್ದಾನೆ. ಅವಳು ಜೊವಾನ್ನೀನಾ. ಅವಳ ಮುಖ ಅದ್ಭುತವಾಗಿ ವಿಲಕ್ಷಣವಾದುದೆಂದೂ, ಅವಳು ಸಾಂತಾ ಕತೆರೀನಾ ಎಂಬ ಆಸ್ಪತ್ರೆಯಲ್ಲಿರುವಳೆಂದೂ ಆ ಟಿಪ್ಪಣಿ ತಿಳಿಸುತ್ತದೆ. ಅಷ್ಟೇ, ಅವಳ ಬಗೆಗೆ ಇತಿಹಾಸಕ್ಕೆ ಬೇರೇನೂ ಗೊತ್ತಿಲ್ಲ. ಅವಳು ರೋಗಿಯೋ ಸೇವಕಿಯೋ, ಮುದುಕಿಯೋ ತರುಣಿಯೋ ತಿಳಿಯದು. ಆ ಕಾಲದ ರಾಣಿಯರೂ ಸಿರಿವಂತರ ಮಡದಿಯರೂ ಹೊನ್ನು ಕೊಟ್ಟು ತಮ್ಮ ಚಿತ್ರ ಬರೆಯಿಸಿಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿದ್ದ ಈ ಹೆಂಗಸಿನ ಹೆಸರು ಮಾತ್ರ, ಅವಳ ಮುಖವನ್ನು ನೋಡಿ ಒಬ್ಬನು ಬೆರಗಾದುದರಿಂದ, ಐದು ಶತಮಾನಗಳನ್ನು ದಾಟಿ ಉಳಿದುಬಂದಿದೆ.

ಮುಖಗಳ ಈ ಹುಡುಕಾಟಕ್ಕೆ ದೊಡ್ಡ ಪರೀಕ್ಷೆ ಒದಗಿದ್ದು ಕೊನೆಯ ಭೋಜನದ ಭಿತ್ತಿಚಿತ್ರದಲ್ಲಿ. ಮಿಲಾನಿನ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಮಠದ ಭೋಜನಶಾಲೆಯ ಗೋಡೆಯ ಮೇಲೆ ಸುಮಾರು 1495ರಲ್ಲಿ ಆರಂಭಿಸಿ 1498ರ ವೇಳೆಗೆ ಮುಗಿಸಿದ ಈ ಚಿತ್ರ ಸುಮಾರು 29 ಅಡಿ ಅಗಲವಾಗಿದೆ. ತನ್ನೊಡನೆ ಉಣ್ಣುತ್ತಿರುವ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನು ತನ್ನನ್ನು ಹಿಡಿದುಕೊಡುವನೆಂದು ಏಸುಕ್ರಿಸ್ತನು ಹೇಳಿದ ಗಳಿಗೆಯ ದೃಶ್ಯ ಅದು. ಕೆಲವು ದಿನ ಲಿಯೊನಾರ್ಡೊ ಅನ್ನನೀರುಗಳನ್ನು ಮರೆತು ಬೆಳಗಿನಿಂದ ಸಂಜೆಯವರೆಗೆ ಅಟ್ಟಣೆಯ ಮೇಲೆ ನಿಂತು ಬರೆಯುತ್ತಿದ್ದನು. ಕೆಲವು ದಿನ ಕೈಕಟ್ಟಿ ನೋಡುತ್ತ ನಿಂತುಬಿಡುತ್ತಿದ್ದನು. ಕೆಲಸ ನಿಧಾನವಾಯಿತೆಂದು ಮಠಾಧಿಕಾರಿಯು ಲುಡೊವಿಕೊವಿನ ಬಳಿ ದೂರಿದನಂತೆ. ದ್ರೋಹಿಯಾದ ಯೂದನ ಮುಖಕ್ಕೆ ತಕ್ಕ ಮಾದರಿ ಸಿಕ್ಕಿಲ್ಲವೆಂದೂ, ಅದಕ್ಕಾಗಿ ಒಂದು ವರ್ಷಕ್ಕೂ ಮಿಕ್ಕಿ ಕೆಟ್ಟ ಜನರು ಸೇರುವ ಕೇರಿಗೆ ದಿನವೂ ಹೋಗಿ ಬರುತ್ತಿರುವೆನೆಂದೂ, ಕಡೆಗೂ ಸಿಕ್ಕದಿದ್ದರೆ ಅವಸರಪಡಿಸುತ್ತಿರುವ ಮಠಾಧಿಕಾರಿಯ ಮುಖವನ್ನೇ ಬರೆಯಬೇಕಾದೀತೆಂದೂ ಲಿಯೊನಾರ್ಡೊ ಉತ್ತರವಿತ್ತನೆಂಬ ಕಥೆ ಆ ಶತಮಾನದಲ್ಲಿಯೇ ಹಬ್ಬಿತ್ತು.

ಇಷ್ಟು ಹುಡುಕಿದವನು ಯೂದನನ್ನು ಹೇಗೆ ಬರೆದನು? ಫ್ಲಾರೆನ್ಸಿನ ಹಿಂದಿನ ಚಿತ್ರಕಾರರು ಯೂದನನ್ನು ಮೇಜಿನ ಈಚೆಗೆ ಒಂಟಿಯಾಗಿ ಕೂರಿಸಿ, ಇವನೇ ಪಾಪಿಯೆಂದು ಎತ್ತಿ ತೋರಿಸುತ್ತಿದ್ದರು. ಲಿಯೊನಾರ್ಡೊ ಅವನನ್ನು ಇತರರೊಡನೆ ಅದೇ ಸಾಲಿನಲ್ಲಿ ಕೂರಿಸಿದನು. ಸಾವಿರ ವಿಕಾರ ಮುಖಗಳನ್ನು ಬಲ್ಲವನು ದ್ರೋಹಿಗೆ ರಾಕ್ಷಸನ ಮುಖವನ್ನು ಕೊಡಲಿಲ್ಲ. ಯೂದನು ಬೆಚ್ಚಿ ಹಿಂದಕ್ಕೆ ವಾಲಿದ್ದಾನೆ. ಅವನ ಮುಖ ನೆರಳಿಗೆ ಸರಿದಿದೆ. ಕೈ ಹಣದ ಚೀಲವನ್ನು ಬಿಗಿಯಾಗಿ ಹಿಡಿದಿದೆ. ಕತ್ತಿನ ನರಗಳ ಸೆಳೆತದಲ್ಲಿ ಅವನ ಮನಸ್ಸಿನ ಭಯ ಕಾಣುತ್ತದೆ. ಕೇಡು ಮೂಗಿನ ಆಕಾರದಲ್ಲಿ ಇರುವುದಿಲ್ಲ, ಮನುಷ್ಯನು ಮಾಡುವ ಕೆಲಸದಲ್ಲಿ ಇರುತ್ತದೆ ಎಂಬುದನ್ನು ಅವನು ಮಾತಿಲ್ಲದೆ ಹೇಳಿದಂತಾಯಿತು. ಮೂಕರನ್ನು ಗಮನಿಸಿ ಅಂಗಚೇಷ್ಟೆಗಳನ್ನು ಕಲಿಯಬೇಕೆಂದು ಶಿಷ್ಯರಿಗೆ ಅವನು ಹೇಳುತ್ತಿದ್ದುದರ ಮರ್ಮವೂ ಇದೇ. ಒಣಗಿದ ಗಾರೆಯ ಮೇಲೆ ಹೊಸ ವಿಧಾನದಿಂದ ಬರೆದುದರಿಂದ ಆ ಚಿತ್ರ ಅವನ ಜೀವಿತಕಾಲದಲ್ಲಿಯೇ ಕೆಡತೊಡಗಿತು. ಸುಮಾರು ಇಪ್ಪತ್ತು ವರ್ಷಗಳ ಶುದ್ಧೀಕರಣದ ಕೆಲಸ 1999ರಲ್ಲಿ ಮುಗಿದು, ಉಳಿದಷ್ಟು ಭಾಗ ಮತ್ತೆ ಬೆಳಕಿಗೆ ಬಂದಿತು.

1499ರಲ್ಲಿ ಫ್ರೆಂಚರು ಮಿಲಾನನ್ನು ಗೆದ್ದರು. ಲಿಯೊನಾರ್ಡೊ ಆ ನಗರವನ್ನು ಬಿಟ್ಟು, ಮರುವರ್ಷ ಫ್ಲಾರೆನ್ಸಿಗೆ ಮರಳಿದನು. 1503ರ ಸುಮಾರಿನಲ್ಲಿ ಅವನ ಕೈಯಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತಿದ್ದವು. ಒಂದು, ಮೋನಾ ಲಿಸಾಳ ಚಿತ್ರ. ಇನ್ನೊಂದು, ಅಂಗಿಯಾರಿ ಕದನದ ಭಿತ್ತಿಚಿತ್ರ. ಮೊದಲನೆಯದರಲ್ಲಿ ತುಟಿಯಂಚಿನಲ್ಲಿ ಹುಟ್ಟಿಯೂ ಹುಟ್ಟದಂತಿರುವ ನಗು. ಎರಡನೆಯದರಲ್ಲಿ ರೋಷದಿಂದ ಬಾಯ್ದೆರೆದು ಕೂಗುವ ಯೋಧರು. ಕ್ರೋಧದಲ್ಲಿ ಮನುಷ್ಯನ ಮುಖ ಹೇಗಾಗುತ್ತದೆಂಬುದನ್ನು ತಿಳಿಯಲು ಅವನು ಒಂದೇ ಹಾಳೆಯ ಮೇಲೆ ಕೆರಳಿದ ಕುದುರೆ, ಸಿಂಹ, ಮನುಷ್ಯರ ಮುಖಗಳನ್ನು ಬರೆದು ಹೋಲಿಸಿದನು. ಕದನದ ಚಿತ್ರ ಪೂರ್ತಿಯಾಗಲಿಲ್ಲ. ಅದರ ಸಿದ್ಧತೆಗಾಗಿ ಬರೆದ ಕೆಲವು ತಲೆಗಳು ಮಾತ್ರ ಬುಡಾಪೆಸ್ಟ್ ನಗರದ ಸಂಗ್ರಹಾಲಯದಲ್ಲಿ ಉಳಿದಿವೆ.

ಅವನ ಹುಡುಕಾಟವು ಮುಖದ ಮೇಲ್ಮೈಯನ್ನು ದಾಟಿ ಒಳಗಿಳಿದ ಸಂದರ್ಭವೊಂದು ಇದಾದ ಮೇಲೆ ಒದಗಿತು. 1507-08ರ ಚಳಿಗಾಲದಲ್ಲಿ ಫ್ಲಾರೆನ್ಸಿನ ಸಾಂತಾ ಮರಿಯಾ ನುವೋವಾ ಆಸ್ಪತ್ರೆಯಲ್ಲಿ ವೃದ್ಧನೊಬ್ಬನಿದ್ದನು. ತನಗೆ ನೂರು ವರ್ಷ ದಾಟಿದೆಯೆಂದೂ, ನಿಶ್ಶಕ್ತಿಯ ಹೊರತು ಬೇರೆ ಯಾವ ಬೇನೆಯೂ ಇಲ್ಲವೆಂದೂ ಅವನು ಲಿಯೊನಾರ್ಡೊವಿಗೆ ಹೇಳಿದನು. ಹಾಗೆ ಮಾತನಾಡಿ ಸ್ವಲ್ಪ ಹೊತ್ತಿಗೆಲ್ಲ, ಹಾಸಿಗೆಯ ಮೇಲೆ ಕುಳಿತಿದ್ದಂತೆಯೇ, ಯಾವ ನರಳಾಟವೂ ಇಲ್ಲದೆ ಪ್ರಾಣ ಬಿಟ್ಟನು. ಇಷ್ಟು ಸುಖವಾದ ಮರಣಕ್ಕೆ ಕಾರಣವೇನೆಂದು ತಿಳಿಯಲು ಲಿಯೊನಾರ್ಡೊ ಆ ದೇಹವನ್ನು ಛೇದಿಸಿ ಪರೀಕ್ಷಿಸಿದನು. ಹೃದಯಕ್ಕೂ ಕೆಳಗಿನ ಅಂಗಗಳಿಗೂ ರಕ್ತವನ್ನು ಒಯ್ಯುವ ನಾಳಗಳು ಬತ್ತಿ, ಸೊರಗಿ, ಕಿರಿದಾಗಿದ್ದುದನ್ನು ಕಂಡನು. ಎರಡು ವರ್ಷದ ಮಗುವೊಂದರ ಶವದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ಕಂಡು, ಮುದುಕನ ನಾಳಗಳು ಅಂಕುಡೊಂಕಾಗಿರುವುದನ್ನೂ ಎಳೆಯರವು ನೇರವಾಗಿರುವುದನ್ನೂ ಅಕ್ಕಪಕ್ಕದಲ್ಲಿ ಬರೆದು ತೋರಿಸಿದನು. ರಕ್ತನಾಳಗಳು ಗಡುಸಾಗಿ ಕಿರಿದಾಗುವ ಈ ಸ್ಥಿತಿಯ ಅತಿ ಹಳೆಯ ವರ್ಣನೆಗಳಲ್ಲಿ ಇದೊಂದೆಂದು ವೈದ್ಯಶಾಸ್ತ್ರದ ಇತಿಹಾಸಕಾರರು ಪರಿಗಣಿಸುತ್ತಾರೆ.

ಎಷ್ಟೋ ವರ್ಷಗಳಿಂದ ಬೊಚ್ಚುಬಾಯಿಯ ಮುದುಕರನ್ನು ಬರೆಯುತ್ತ ಬಂದವನು ಅಂಥವನೊಬ್ಬನ ಹಾಸಿಗೆಯ ಬಳಿ ಕುಳಿತು, ಅವನ ಮಾತನ್ನು ಕೇಳಿ, ಅವನ ಸಾವನ್ನು ಕಂಡು, ಕೊನೆಗೆ ಅವನ ದೇಹದಿಂದಲೇ ಮುಪ್ಪಿನ ಗುಟ್ಟನ್ನು ಕಲಿತನು. ಯೌವನದ ಚಿತ್ರಗಳಲ್ಲಿ ಮುಪ್ಪು ಮುಖದ ವಿಕಾರವಾಗಿತ್ತು. ಈಗ ಅದು ಎಲ್ಲ ದೇಹಗಳಲ್ಲಿಯೂ ಮೆಲ್ಲಗೆ ನಡೆಯುವ ನಿಸರ್ಗದ ಕಾರ್ಯವಾಗಿ ಕಂಡಿತು. ಆಗ ಅವನಿಗೂ ಐವತ್ತೈದು ದಾಟಿತ್ತು. ಮುಂದಿನ ವರ್ಷಗಳಲ್ಲಿ ಅವನು ತುಟಿಗಳನ್ನು ಚಲಿಸುವ, ಹುಬ್ಬನ್ನು ಗಂಟಿಕ್ಕಿಸುವ ಸ್ನಾಯುಗಳನ್ನು ಒಂದೊಂದಾಗಿ ಬಿಡಿಸಿ ಚಿತ್ರಿಸಿದನು. ಮುಗುಳ್ನಗೆಗೂ ಅಟ್ಟಹಾಸಕ್ಕೂ ಚರ್ಮದ ಕೆಳಗೆ ಇರುವುದು ಅವೇ ಎಳೆಗಳು ಎಂಬುದು ಆ ಚಿತ್ರಗಳನ್ನು ನೋಡಿದವರಿಗೆ ಮನದಟ್ಟಾಗುತ್ತದೆ.

1516ರಲ್ಲಿ ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸನ ಆಹ್ವಾನದಂತೆ ಲಿಯೊನಾರ್ಡೊ ಆಲ್ಪ್ಸ್ ಪರ್ವತಗಳನ್ನು ದಾಟಿ, ಅಂಬ್ವಾಸ್ ಪಟ್ಟಣದ ಬಳಿಯ ಮನೆಯೊಂದರಲ್ಲಿ ನೆಲಸಿದನು. ಮರುವರ್ಷ ಅವನನ್ನು ಕಾಣಲು ಬಂದ ಅತಿಥಿಗಳಿಗೆ ಅವನ ಬಲಗೈ ಸ್ವಾಧೀನ ತಪ್ಪಿದ್ದುದು ತಿಳಿಯಿತು. ತಾನು ಮೂವತ್ತಕ್ಕೂ ಹೆಚ್ಚು ದೇಹಗಳನ್ನು ಛೇದಿಸಿ ನೋಡಿರುವೆನೆಂದು ಅವನು ಅವರಿಗೆ ತಿಳಿಸಿದನು. 1519ರ ಮೇ 2ರಂದು, ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಅವನು ಅಲ್ಲಿಯೇ ತೀರಿಕೊಂಡನು. ಟಿಪ್ಪಣಿ ಪುಸ್ತಕಗಳೆಲ್ಲ ಮರಣಶಾಸನದಂತೆ ನೆಚ್ಚಿನ ಶಿಷ್ಯ ಫ್ರಾನ್ಚೆಸ್ಕೊ ಮೆಲ್ಜಿಗೆ ಸೇರಿದವು.

ಮೆಲ್ಜಿ ಅವುಗಳನ್ನು ಪ್ರಾಣದಂತೆ ಕಾಪಾಡಿದನು. ಅವನ ಬಳಿಕ ಹಾಳೆಗಳು ಕೈಯಿಂದ ಕೈಗೆ ಚದರಿಹೋದವು. ವಿಕಾರ ಮುಖಗಳು ಮಾತ್ರ ಎಲ್ಲಿ ಹೋದರೂ ಪ್ರತಿಗಳಾಗಿ ಹೆಚ್ಚುತ್ತಲೇ ಇದ್ದವು. ಫ್ಲಾಂಡರ್ಸ್ ದೇಶದ ಕ್ವಿಂಟೆನ್ ಮಾಸಿಸ್ 1513ರ ಸುಮಾರಿಗೇ ಅಂಥ ಒಂದು ಮುದುಕಿಯ ಮುಖವನ್ನು ಆಧಾರವಾಗಿಟ್ಟುಕೊಂಡು ವರ್ಣಚಿತ್ರವೊಂದನ್ನು ಬರೆದನು. ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. 1865ರಲ್ಲಿ ಪ್ರಕಟವಾದ ಆಲಿಸಳ ಕಥೆಯ ಚಿತ್ರಗಳಲ್ಲಿ ಬರುವ ಕುರೂಪಿ ಡಚೆಸ್ ಆ ಮುದುಕಿಯನ್ನೇ ಹೋಲುತ್ತಾಳೆ. ಹದಿನೇಳನೆಯ ಶತಮಾನದಲ್ಲಿ ಹೊಲರ್ ಎಂಬ ಕಲಾವಿದನು ಲಿಯೊನಾರ್ಡೊವಿನ ಮುಖಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚಿಳಿಸಿದನು. ನಂತರ ಬಂದ ವ್ಯಂಗ್ಯಚಿತ್ರಕಾರರು ಅವುಗಳನ್ನು ತಮ್ಮ ಕಲೆಯ ಮೂಲವೆಂದು ಭಾವಿಸಿದರು. ಲಿಯೊನಾರ್ಡೊವಿನ ಹೆಸರು ಹೇಳಿದರೆ ಮೋನಾ ಲಿಸಾಳಿಗಿಂತ ಮೊದಲು ಈ ತಲೆಗಳೇ ಜನರ ನೆನಪಿಗೆ ಬರುತ್ತಿದ್ದ ಕಾಲವೂ ಇತ್ತು. ಮೂಲಚಿತ್ರಗಳಲ್ಲಿ ಅನೇಕವು ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿ ಸುರಕ್ಷಿತವಾಗಿವೆ.

ಲೋಕವು ಆ ಮುಖಗಳನ್ನು ನೋಡಿ ನಕ್ಕಿತು. ಚಿತ್ರಕಾರನೂ ನಕ್ಕಿರಬಹುದು, ಆದರೆ ನಗುವುದಕ್ಕೆ ಮುನ್ನ ಅವನು ನೋಡಿದನು, ನಕ್ಕ ಮೇಲೆಯೂ ನೋಡುವುದನ್ನು ನಿಲ್ಲಿಸಲಿಲ್ಲ. ಮೋನಾ ಲಿಸಾಳ ತುಟಿಗೆ ಕೊಟ್ಟ ಗಮನವನ್ನೇ ಹಲ್ಲುದುರಿದ ಮುದುಕನ ತುಟಿಗೂ ಕೊಟ್ಟನು. ಹೊನ್ನು 
ಕೊಡಲಾರದವರ, ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಳ್ಳಲು ಅಂಜುವವರ ಮುಖಗಳಲ್ಲಿಯೂ ಪ್ರಕೃತಿಯು ಬರೆದ ಪಾಠವಿದೆಯೆಂದು ಅವನು ನಂಬಿದನು. ಆಸ್ಪತ್ರೆಯ ಜೊವಾನ್ನೀನಾಳೂ, ನೂರು ವರ್ಷ ಬಾಳಿದ ಹೆಸರಿಲ್ಲದ ವೃದ್ಧನೂ ಆ ಪಾಠವನ್ನು ಅವನಿಗೆ ಕಲಿಸಿದ ಗುರುಗಳಲ್ಲಿ ಇಬ್ಬರು. ಮನುಷ್ಯನ ಮುಖದಿಂದ ಕಣ್ಣು ತಿರುಗಿಸದೆ ನೋಡಿದ ಆ ಧೈರ್ಯದಲ್ಲಿ ಲಿಯೊನಾರ್ಡೊವಿನ ಹಿರಿಮೆ ಅಡಗಿದೆ.